ಸೀಟಿನ ಕೆಳಗಿನ ಸ್ಪ್ರಿಂಗು

ಸೆಪ್ಟೆಂಬರ್ ೧೬, ೨೦೧೨, ಭಾನುವಾರ

ಅಳಿಯ ಮಹಾಶಯರು ಇವತ್ತು ನನ್ನ ಬೆನ್ನಿನ ಬಗ್ಗೆ ಚಿಂತಿಸಿದರು. ಅವರು ಚಿಂತಿಸುವುದೆಂದರೆ ಲ್ಯಾಪ್‌ಟಾಪ್ ತೆರೆಯುವುದು. ಸೋಫಾದಲ್ಲಿ ನನ್ನ ಪಕ್ಕ ಕೂತು ಒಂದು ಕರಿ ಕೊಳವೆಯ ಚಿತ್ರ ತೋರಿಸಿದರು. ಸೈಕಲ್ ಸೀಟಿನ ಕೆಳಗೆ ಈಗಿರುವ ಗಟ್ಟಿ ಕೊಳವೆ ಕಿತ್ತು ಇದನ್ನು ಹಾಕಬೇಕಂತೆ. ಒಳಗೆ ಸ್ಪ್ರಿಂಗ್. ಕಲ್ಲು ಹಾಯ್ದಾಗ ಸೀಟು ಮೆಲ್ಲಗೆ ಕುಸಿದು ಮೆಲ್ಲಗೆ ಮೇಲೆ ಬರುತ್ತದಂತೆ. ಸಸ್ಪೆನ್ಷನ್ ಸೀಟ್‌ಪೋಸ್ಟ್. ಆ ಹೆಸರು ಹೇಳುವಾಗ ಅವರ ಮುಖದಲ್ಲಿ ತೀರ್ಥ ತೆಗೆದುಕೊಳ್ಳುವವರ ಭಕ್ತಿ.

ಬೇಡ ಅಂದೆ. ಯಾಕೆ ಅಂದರು. ಕುಂಡಿಗೆ ಸ್ಪ್ರಿಂಗ್ ಕಟ್ಟಿಕೊಂಡು ಈ ಲೋಕದಲ್ಲಿ ಯಾರೂ ಯಾವ ಹೋರಾಟವನ್ನೂ ಮಾಡಿಲ್ಲ ಅಂದೆ. ಅಡುಗೆಮನೆಯಿಂದ ಮಗಳು ಸಮತಾ, "ಅವ್ವ, ನೀ ಹೋರಾಟಕ್ಕ ಹೊಂಟಿಲ್ಲ, ಅಕ್ಷರ ಕಲಸಾಕ ಹೊಂಟೀದಿ," ಅಂದಳು. ಎರಡೂ ಬೇರೆ ಅಂತ ತಿಳಿದಿದ್ದಾಳೆ. ನಾನೇ ಹೆತ್ತದ್ದು, ಯಾರಿಗೆ ಹೇಳಲಿ.

ಸೈಕಲ್ ಅಳಿಯನದೇ. ಮೈಸೂರಿನ ಈ ರವಿಕಿರಣ ಹೈಟೆಕ್ ಸಿಟಿಯ ಸಂಬಳ ಕೈಗೆ ಬಂದ ಹುರುಪಿನಲ್ಲಿ ಕೊಂಡದ್ದು. ಗುಡ್ಡ ಹತ್ತುವ ಸೈಕಲ್ಲಂತೆ. ಕೆಲವು ಭಾನುವಾರ ಹತ್ತಿ, ಫೋಟೋ ತೆಗೆಸಿಕೊಂಡು, ಬಾಲ್ಕನಿಯಲ್ಲಿ ನಿಲ್ಲಿಸಿದ. ಅದರ ಮೇಲೆ ಒಳಉಡುಪುಗಳು ಒಣಗುತ್ತಿದ್ದವು. ಕಾರ್ಖಾನೆಯ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಮಣಿಕೊಂಡದ ಈ ಫ್ಲಾಟಿಗೆ ಬಂದ ವಾರವೇ ನಾನು ಅದನ್ನು ಕೆಳಗಿಳಿಸಿದೆ. ಹಾರ್ಡ್‌ಟೇಲ್ ಅನ್ನುತ್ತಾನೆ. ಮುಂದಿನ ಚಕ್ರಕ್ಕೆ ಶಾಕ್ ಉಂಟು, ಹಿಂದಿನದಕ್ಕೆ ಇಲ್ಲ. ಮುಂದಿನವರಿಗೆ ಸುಖ, ಹಿಂದೆ ಬಿದ್ದ ಪೆಟ್ಟೆಲ್ಲ ಕೂತವರ ಬೆನ್ನುಹುರಿಗೆ. ಈ ದೇಶವನ್ನು ಯಾರೋ ಸೈಕಲ್ಲಾಗಿ ಎರಕ ಹೊಯ್ದಿದ್ದಾರೆ.

ಸೆಪ್ಟೆಂಬರ್ ೨೦, ಗುರುವಾರ

ಡಾಕ್ಟರ್. ಏಸಿ ಎಷ್ಟು ತಣ್ಣಗಿತ್ತೆಂದರೆ ಬಂದ ರೋಗಿಗಳೆಲ್ಲ ಶವಾಗಾರಕ್ಕೆ ಅಭ್ಯಾಸ ಮಾಡಿಕೊಳ್ಳುತ್ತಿರುವ ಹಾಗೆ ಕಂಡಿತು. ಸಮತಾ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳು. ಡಾಕ್ಟರ್ ನನ್ನ ಬೆನ್ನಿನ ಚಿತ್ರವನ್ನು ಬೆಳಕಿಗೆ ಹಿಡಿದು ನನ್ನೊಂದಿಗಲ್ಲ, ಅವಳೊಂದಿಗೆ ಮಾತಾಡಿದ. ಸೊಂಟದ ಕೆಳಗೆ ನರ ಹಾಯುವ ದಾರಿ ಕಿರಿದಾಗಿದೆಯಂತೆ. ಅದಕ್ಕೇ ನಾಲ್ಕು ಹೆಜ್ಜೆ ನಡೆದರೆ ಎಡಗಾಲು ಜೋಮು ಹಿಡಿಯುತ್ತದೆ. ಸೈಕಲ್ ಮೇಲೆ ಮುಂದಕ್ಕೆ ಬಾಗಿ ಕೂತರೆ ದಾರಿ ಸ್ವಲ್ಪ ತೆರೆಯುತ್ತದೆ, ಜೋಮು ಬರುವುದಿಲ್ಲ. ಆದ್ದರಿಂದ ನಡೆಯುವುದಕ್ಕಿಂತ ಸೈಕಲ್ ಒಳ್ಳೆಯದು. ಆದರೆ ಕಲ್ಲಿನ ಮೇಲೆ ಬೇಡ. ಒಂದೊಂದು ಕುಲುಕೂ ಆ ನರಕ್ಕೆ ಗುದ್ದು. ಹೀಗೇ ನಡೆಸಿದರೆ ಪಾದ ಜೋತುಬೀಳುತ್ತದೆ, ಆಮೇಲೆ ಪೆಡಲ್ಲೂ ಇಲ್ಲ, ನಡಿಗೆಯೂ ಇಲ್ಲ.

ಒಳ್ಳೆಯ ರಸ್ತೆಯಲ್ಲಿ ಓಡಿಸಿ ಅಮ್ಮಾ, ಅಂದ.

ಒಳ್ಳೆಯ ರಸ್ತೆ ಇದೆ. ನನ್ನ ವಿದ್ಯಾರ್ಥಿನಿಯರ, ಅಂದರೆ ಕಟ್ಟಡ ಕೆಲಸದ ಹೆಂಗಸರ ಶೆಡ್ಡಿಗೆ ನೇರ ಹೋಗುವ ರಸ್ತೆ, ಕನ್ನಡಿಯಂಥದ್ದು. ಅದು ಇಂಗ್ಲಿಷ್ ಹೆಸರಿನ ಒಂದು ವಿಲ್ಲಾ ಬಡಾವಣೆಯ ನಡುವೆ ಹೋಗುತ್ತದೆ. ಗೇಟಿನಲ್ಲಿ ಬೋರ್ಡಿದೆ: ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗಬೇಕು. ಕಾರಿಗಿಲ್ಲ, ಮೋಟರ್‌ಬೈಕಿಗಿಲ್ಲ. ಮನೆಗೆಲಸದವರು, ಪೇಪರಿನವರು, ತೋಟದವರು, ಅಂದರೆ ಸೈಕಲ್ಲಿನಲ್ಲಿ ಬರುವವರು ಇಳಿಯಬೇಕು. ಕಾವಲಿನವನು ಒರಿಸ್ಸಾದ ಮುದುಕ, ಮರ್ಯಾದೆಯಿಂದಲೇ "ಅಮ್ಮಾ, ಉತರ್‌ನಾ ಪಡೇಗಾ" ಅಂದ. ಇಳಿದರೆ ಆ ಬಡಾವಣೆಯ ಉದ್ದಕ್ಕೂ ನಡೆಯಲು ನನಗೆ ಕಾಲಿಲ್ಲ. ಕಾಲಿದ್ದರೂ ಇಳಿಯುತ್ತಿರಲಿಲ್ಲ. ತಿರುಗಿಸಿದೆ. ಅವತ್ತಿನಿಂದ ಹಿಂದಿನ ಬಂಡೆಗುಡ್ಡವೇ ನನ್ನ ರಸ್ತೆ.

ಡಾಕ್ಟರಿಗೆ ಇದನ್ನೆಲ್ಲ ಹೇಳಲಿಲ್ಲ. ಅವನ ಫೀಸಿನಲ್ಲಿ ಕೇಳಿಸಿಕೊಳ್ಳುವುದು ಸೇರಿರಲಿಲ್ಲ.

ಸೆಪ್ಟೆಂಬರ್ ೨೬, ಬುಧವಾರ

ಇವತ್ತು ದ್ಯಾವಮ್ಮ ತನ್ನ ಹೆಸರನ್ನು ತಪ್ಪಿಲ್ಲದೆ ಬರೆದಳು. ಯಾದಗಿರಿ ಕಡೆಯವಳು, ಗಾರೆ ಹೊರುತ್ತಾಳೆ, ನಾಲಿಗೆ ಕತ್ತರಿ. ಶೆಡ್ಡಿನ ಹಿಂದಿನ ಬೋಳು ಗೋಡೆಯೇ ನಮ್ಮ ಕಪ್ಪುಹಲಗೆ, ಇದ್ದಿಲೇ ಬಳಪ. ನಿನ್ನೆ ಹದಿನಾಲ್ಕನೇ ಮಹಡಿಯಲ್ಲಿ ಹಸಿ ಗಾರೆಯ ಮೇಲೆ ಮೊಳೆಯಿಂದ ಹೆಸರು ಕೊರೆದು, ಅದರ ಮೇಲೆ ತಾನೇ ಮೆತ್ತಿ ಸಪಾಟು ಮಾಡಿದಳಂತೆ. "ಆ ಮನಿ ಯಾವ ಸಾಹೇಬ ತಗೋತಾನೋ ಅಕ್ಕೋರ, ಅಂವ ಸಾಯೋತನಕ ನನ್ನ ಹೆಸರಿನ ಬಾಜೂಕ ಮಲಗಬೇಕು." ಉಳಿದವರು ಬಿದ್ದು ಬಿದ್ದು ನಕ್ಕರು. ನಾನೂ.

ಬೆಳಗಿನ ಕೆಲಸದ ಗಂಟೆ ಹೊಡೆಯುವ ಮೊದಲಿನ ಹೊತ್ತು ಅವರದು. ಅದನ್ನು ಕಿತ್ತುಕೊಂಡದ್ದು ಜಗಳವಾಡಿಯೇ. ಮೊದಲು ಆ ಹೊತ್ತಿನಲ್ಲಿ ಮೇಸ್ತ್ರಿ ಇವರಿಂದ ತನ್ನ ಡ್ರಮ್ಮುಗಳಿಗೆ ನೀರು ಹೊರಿಸುತ್ತಿದ್ದ, ಪುಕ್ಕಟೆ. ನಾನು ಬಂದ ದಿನ ಅವನು ಸುಮ್ಮನಿರುತ್ತಾನೆ. ಬರದ ದಿನ ಕೊಡ ಕೈಗೆ ಕೊಡುತ್ತಾನೆ. ಒಂದು ವಾರ ನಾನು ತಪ್ಪಿದರೆ ಆ ಹೊತ್ತು ಮತ್ತೆ ಅವನದಾಗಿಬಿಡುತ್ತದೆ. ಇದು ಡಾಕ್ಟರನ ಚಿತ್ರದಲ್ಲಿ ಕಾಣುವುದಿಲ್ಲ.

ಸಮತಾ ಕಾರಿನಲ್ಲಿ ಬಿಡುತ್ತೇನೆ ಅನ್ನುತ್ತಾಳೆ. ಆ ಗೇಟಿನಲ್ಲಿ ಕಾರಿಗೆ ಸಲಾಮು ಹೊಡೆಯುತ್ತಾರೆ. ಸಲಾಮು ಹೊಡೆಸಿಕೊಂಡು ಹೋಗಿ ಅವರಿಗೆ ನಾನೇನು ಕಲಿಸಲಿ?

ಬರುವಾಗ ಎಡಗಾಲು ಮೊಣಕಾಲಿನ ತನಕ ಇರಲಿಲ್ಲ.

ಅಕ್ಟೋಬರ್ ೭, ಭಾನುವಾರ

ಅಳಿಯನ ಸೈಕಲ್ ಗೆಳೆಯರ ದರ್ಶನವಾಯಿತು. ಖಾಜಾಗುಡದ ಬಂಡೆಗಳ ಬುಡದಲ್ಲಿ ಕಾರಿನ ನೆತ್ತಿಯ ಮೇಲೆ ಸೈಕಲ್ ಕಟ್ಟಿಕೊಂಡು ಬಂದಿದ್ದರು. ಸೈಕಲ್ಲನ್ನು ಹೊತ್ತು ತರಲು ಕಾರು! ನಮ್ಮ ಕಡೆ ಕತ್ತೆಯ ಮೇಲೆ ಅಗಸ ಕೂರುವುದು ನೋಡಿದ್ದೆ, ಅಗಸನ ಮೇಲೆ ಕತ್ತೆ ಕೂತದ್ದು ಇವತ್ತೇ. ಮೈಗಂಟಿದ ಬಟ್ಟೆ, ತಲೆಗೆ ಹಣ್ಣಿನ ಬುಟ್ಟಿಯಂಥ ಟೋಪಿ, ಎದೆಯ ಮೇಲೆ ಬಂಡೆ ಉಳಿಸಿ ಅಂತ ಇಂಗ್ಲಿಷಿನಲ್ಲಿ ಘೋಷಣೆ. ಬಂಡೆ ಒಡೆದು ಕಟ್ಟಿದ ಆಫೀಸುಗಳಲ್ಲಿ ವಾರವೆಲ್ಲ ಕೂತು, ಭಾನುವಾರ ಉಳಿದ ಬಂಡೆಗೆ ಕಣ್ಣೀರು.

ಯಾರದೋ ಸೈಕಲ್ಲಿನಲ್ಲಿ ಆ ಸ್ಪ್ರಿಂಗಿನ ಪೋಸ್ಟ್ ಇದೆ, ಒಮ್ಮೆ ಕೂತು ನೋಡಲಿ ಅಂತ ಅಳಿಯ ನನ್ನನ್ನು ಎಳೆದು ತಂದದ್ದು. ಅದರ ಒಡೆಯ ಬರಲೇ ಇಲ್ಲ. ಬಂದದ್ದು ಇವರ ಗುಂಪಿನ ಮುಖಂಡ, ತರುಣ ಅಂತ ಹೆಸರು, ಮಂಗಳೂರಿನವನು. ಪೋಸ್ಟಿನ ಮಾತೆತ್ತಿದ್ದೇ ತಡ ಮೂಗು ಮುರಿದ. ಅದು ಅಂಕಲ್‌ಗಳ ಸಾಮಾನಂತೆ. ಬರೀ ತೂಕ, ಜೊತೆಗೆ ನಾಚಿಕೆಗೇಡು. ಹಾರ್ಡ್‌ಟೇಲ್ ಓಡಿಸುವವನಿಗೆ ಅವನ ಮೊಣಕಾಲೇ ಸ್ಪ್ರಿಂಗ್. ಕಲ್ಲು ಬಂದಾಗ ಪೆಡಲ್ ಮೇಲೆ ಎದ್ದು ನಿಲ್ಲಬೇಕು, ಸೈಕಲ್ ಕೆಳಗೆ ಕುಣಿದುಕೊಳ್ಳಲಿ. ಕೂತು ಓಡಿಸುವವರು ರಸ್ತೆ ಮೇಲೆ ಇರಬೇಕು.

ನಾನು ಸೈಕಲ್ ಹತ್ತಿ ಅವರ ಬಂಡೆಯ ಹಾದಿಯಲ್ಲಿ ಹೊರಟೆ. ಕೂತೇ. ಹಲ್ಲು ಹಲ್ಲಿಗೆ ಬಡಿಯಿತು. ಹಿಂದಿನಿಂದ ತರುಣ ಕೂಗಿದ: "ಏಳಿ ಆಂಟಿ, ಏಳಿ, ಏಳಿ, ಸೀಟ್ ಬಿಡಿ."

ಸುಮಾರು ಮೂವತ್ತು ವರ್ಷದ ಮೇಲೆ ಆ ಮಾತನ್ನು ಒಬ್ಬ ಗಂಡಸು ನನ್ನ ಬೆನ್ನಿಗೆ ಕೂಗಿದ. ಏಳು. ಮೈಯೆಲ್ಲ ಉರಿ. ಹಾದಿಯ ಕೊನೆವರೆಗೂ ಹೋಗಿ, ತಿರುಗಿ ಬಂದು, ಅವನ ಮುಂದೆ ಕೂತೇ ನಿಂತೆ, ಒಂದು ಕಾಲು ನೆಲಕ್ಕೆ ಕೊಟ್ಟು. ಅಳಿಯ ನನ್ನ ಮುಖ ನೋಡಿ ಗೆಳೆಯನನ್ನು ಆಚೆ ಕರೆದುಕೊಂಡು ಹೋದ. ಮನೆವರೆಗೆ ಏನೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಕ್ಕಿಲ್ಲ.

ಅಕ್ಟೋಬರ್ ೯, ಮಂಗಳವಾರ

ಬರೆದಿಡುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡರೆ ಅದೂ ಬೆನ್ನಿಗೇ ಇಳಿಯುತ್ತದೆ.

ಸೇಡಂ ಕಡೆಯ ನಮ್ಮೂರಲ್ಲಿ ಗೌಡರ ವಾಡೆಯ ಮುಂದೆ ಶಹಾಬಾದ್ ಕಲ್ಲು ಹಾಸಿದ ಬೀದಿ. ನಮ್ಮ ಕೇರಿಯ ಮೊದಲ ಸೈಕಲ್ ಅಪ್ಪನದು. ವಾಡೆ ಬಂತೆಂದರೆ ಅಪ್ಪ ಇಳಿಯಬೇಕು. ಮೊದಲು ಕ್ಯಾರಿಯರ್ ಮೇಲಿನ ನನ್ನನ್ನು ಎತ್ತಿ ಇಳಿಸುತ್ತಿದ್ದ. ಚಪ್ಪಲಿ ಕಳಚಿ ಹ್ಯಾಂಡಲಿಗೆ ಸಿಕ್ಕಿಸುತ್ತಿದ್ದ. ತಳ್ಳಿಕೊಂಡು ಹೋಗುತ್ತಿದ್ದ. ಸೈಕಲ್ ಮೇಲಿದ್ದವರು ಇಳಿಯಬೇಕು, ಕೂತಿದ್ದವರು ಏಳಬೇಕು, ಅದು ನಿಯಮ. ವಾಡೆಯ ಕಟ್ಟೆಯ ಮೇಲೆ ಗೌಡರಿಲ್ಲದೆ ಬರೀ ನಾಯಿ ಮಲಗಿದ್ದ ದಿನವೂ ಅಪ್ಪ ಇಳಿದ.

ಎಂಬತ್ತಮೂರರಲ್ಲಿ ನಮ್ಮ ಕೇರಿಗಳವರ ಸಂಘದಿಂದ ಸೈಕಲ್ ಜಾಥಾ ತೆಗೆದೆವು. ಅಷ್ಟೂ ಗಂಡಸರು, ಹೆಂಗಸು ನಾನೊಬ್ಬಳೇ. ಹಿಂದಿನ ದಿನ ಶಾಲೆಯ ಅಂಗಳದಲ್ಲಿ ಸಭೆ. ವಾಡೆಯ ಮುಂದೆ ಯಾರೂ ಇಳಿಯಬಾರದು ಅಂತ ಠರಾವು. ಆಗ ಒಬ್ಬರು ಕೇಳಿದರು: ಆ ಕಲ್ಲುಹಾಸಿನ ಮೇಲೆ ಸೈಕಲ್ ಕುಲುಕಿದರೆ ಕುಂಡಿ ತಾನಾಗೇ ಮೇಲೇಳುತ್ತದೆ, ಅದನ್ನು ನೋಡಿ ವಾಡೆಯವರು, ಅಗಾ ಎದ್ದು ಮರ್ಯಾದೆ ಕೊಟ್ಟರು ಅಂದರೆ? ಅದಕ್ಕೂ ಒಂದು ಠರಾವಾಯಿತು. ಎಷ್ಟೇ ಕುಲುಕಲಿ, ಸೀಟಿನಿಂದ ಬೆರಳಷ್ಟೂ ಏಳಬಾರದು. ಯಾರೂ ನಗಲಿಲ್ಲ.

ಮರುದಿನ ಹಾಗೇ ಹೋದೆವು, ಸೀಟಿಗೆ ಹೊಲಿದ ಹಾಗೆ ಕೂತು. ವಾಡೆಯ ಮಾಳಿಗೆಯಿಂದ "ಏಳ್ರಲೇ" ಅಂತ ಕೂಗು ಬಂತು, ಹಿಂದೆಯೇ ಕಲ್ಲು. ನನ್ನ ಮುಂದಿನವನ ತಲೆ ಒಡೆದು ಅಂಗಿ ಕೆಂಪಾಯಿತು. ಅವನು ಕೂತೇ ಬೀದಿ ದಾಟಿದ.

ಆಮೇಲೆ ಸಂಘ ಒಡೆಯಿತು, ಒಡೆದದ್ದು ಮತ್ತೆ ಒಡೆಯಿತು. ಕೆಲವರು ನಿಗಮ-ಮಂಡಳಿಗಳ ಕುರ್ಚಿಯಲ್ಲಿ ಕೂತರು. ಆದರೆ ಆ ಠರಾವನ್ನು ಯಾರೂ ಹಿಂದೆ ತೆಗೆದುಕೊಂಡಿಲ್ಲ. ಅದು ಇನ್ನೂ ಜಾರಿಯಲ್ಲಿದೆ, ನನ್ನ ಸೊಂಟದಲ್ಲಿ.

ಮಂಗಳೂರಿನ ಆ ಹುಡುಗ ನನಗೆ ಏಳಲು ಹೇಳುತ್ತಾನೆ.

ಅಕ್ಟೋಬರ್ ೧೫, ಸೋಮವಾರ

ಹಾಸಿಗೆ. ಪಕ್ಕ ಹೊರಳಲೂ ಸಮತಾ ಬೇಕು.

ಅಕ್ಟೋಬರ್ ೧೭, ಬುಧವಾರ

ದ್ಯಾವಮ್ಮ ಫೋನು ಮಾಡಿದ್ದಳು. ನಿನ್ನೆಯಿಂದ ಮೇಸ್ತ್ರಿ ನೀರಿಗೆ ಹಚ್ಚಿದ್ದಾನೆ. ಇವರು ಇವತ್ತು ಅಕ್ಕೋರು ಬರ್ತಾರೆ ಅಂದರೆ, ಬಂದರೆ ನೋಡೋಣ, ಈಗ ಕೊಡ ಎತ್ತಿ ಅಂದನಂತೆ. "ನಾವ್ ಹಾದಿ ನೋಡತೀವ್ರಿ, ನೀವ್ ಬರೂದ ಕಾಣೂದಿಲ್ಲ, ಕೊಡ ಎತ್ತತೀವಿ. ಎತ್ತಿದ ಮ್ಯಾಲ ಹೊರೂದ ಅಲ್ಲೇನ್ರಿ." ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ಚುಚ್ಚಿತು.

ಅಳಿಯ ಬಿಸಿನೀರಿನ ರಬ್ಬರ್ ಚೀಲ ತಂದುಕೊಟ್ಟ. ಬೆನ್ನಿಗೆ ಇಡಬೇಕಾದದ್ದನ್ನು ಹೊಟ್ಟೆಯ ಮೇಲಿಟ್ಟು ಹೋದ. ಇಂಜಿನಿಯರು.

ಅಕ್ಟೋಬರ್ ೧೯, ಶುಕ್ರವಾರ

ಮಲಗಿದಲ್ಲೇ ಸಭೆ ನಡೆಸಿದೆ. ಹಾಜರಿ: ನಾನು. ವಿಷಯ: ಸ್ಪ್ರಿಂಗ್.

ವಿರೋಧ: ಸುಖ ಒಮ್ಮೆ ಒಳಗೆ ಬಂದರೆ ಚಪ್ಪಲಿ ಬಿಟ್ಟು ಬರುವುದಿಲ್ಲ. ಮೊದಲು ಸೀಟು ಮೆತ್ತಗಾಗುತ್ತದೆ, ಆಮೇಲೆ ಮಾತು. ಕಣ್ಣಾರೆ ಕಂಡಿದ್ದೇನೆ. ಕಾರ್ಖಾನೆಯ ನಮ್ಮ ಯೂನಿಯನ್ ಆಫೀಸಿಗೆ ಸೋಫಾ ಬಂದ ವರ್ಷವೇ ಗೇಟ್ ಮೀಟಿಂಗುಗಳು ನಿಂತವು.

ಪರ: ಏಳದೆ ಕಲ್ಲು ದಾಟಬೇಕೆಂದರೆ ಸೀಟೇ ಕುಸಿಯಬೇಕು, ನನ್ನ ಬೆನ್ನು ಕುಸಿಯಬಾರದು. ಹಾಗೆ ನೋಡಿದರೆ ಈ ಸಾಮಾನು ಠರಾವಿಗೆ ವಿರುದ್ಧವಲ್ಲ, ಠರಾವಿನ ಕಾವಲು. ಕೂತವರು ಕೂತೇ ಇರಲು ಮಾಡಿದ ಯಂತ್ರ. ಇನ್ನೊಂದು ಮುಖ್ಯ ಅಂಶ: ತರುಣನಂಥವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ಅವರು ಹಳಿಯುವ ವಸ್ತುವಿನಲ್ಲಿ ಏನೋ ಒಂದು ಸತ್ವ ಇರಲೇಬೇಕು.

ಮಂಜೂರು. ಸಂಜೆ ಅಳಿಯನನ್ನು ಕರೆದು, ತರಿಸಪ್ಪ ನಿನ್ನ ಸ್ಪ್ರಿಂಗು, ಅಂದೆ. ಹುಡುಗನ ಮುಖ ನೋಡಬೇಕಿತ್ತು. ಪರೀಕ್ಷೆಯಲ್ಲಿ ಪಾಸಾದ ಹಾಗೆ. ನನ್ನ ತೂಕ ಕೇಳಿದ. ತೂಕಕ್ಕೆ ತಕ್ಕ ಹಾಗೆ ಸ್ಪ್ರಿಂಗನ್ನು ಬಿಗಿ ಮಾಡಬೇಕಂತೆ. ಒಂದು ಮಾಪಕ ತಂದು ಹಳೆಯ ಕೊಳವೆಯ ದಪ್ಪವನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆದ. ಆಮೇಲೆ ಯಾರ ಯಾರಿಗೋ ಫೋನು. ಅದಕ್ಕಾಗಿ ಸೋಮವಾರ ಸಿಕಂದರಾಬಾದಿನ ಅಂಗಡಿಗೆ ತಾನೇ ಹೋಗುತ್ತಾನಂತೆ, ಆಫೀಸಿಗೆ ರಜೆ ಇಲ್ಲದಿದ್ದರೂ. ಹೋಗಲಿ. ಬೇರೆ ಏನು ಕೆಲಸವಿದೆ ಅವನಿಗೆ.

ಅಕ್ಟೋಬರ್ ೨೮, ಭಾನುವಾರ

ಥೂ.

ಬೆಳಿಗ್ಗೆ ಬಾಲ್ಕನಿಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿಕೊಂಡು ರವಿಕಿರಣ ಕೂತ. ಹಳೆಯ ಕೊಳವೆ ಹೊರಗೆ, ಹೊಸದು ಒಳಗೆ. ದಪ್ಪ ಸರಿಯಾಗಿತ್ತು, ಬಿಗಿ ಸರಿಯಾಗಿತ್ತು, ಗ್ರೀಸ್ ಹಚ್ಚಿದ್ದ. ಅತ್ತೆ, ಬನ್ನಿ, ಹತ್ತಿ ಅಂದ. ಹತ್ತಿದೆ. ಎರಡೂ ಕಾಲು ಗಾಳಿಯಲ್ಲಿ. ಪೆಡಲ್ ಕೆಳಗೆ ಹೋದಾಗ ನನ್ನ ಹೆಬ್ಬೆರಳು ಅದನ್ನು ಹುಡುಕುತ್ತಿತ್ತು. ಸಂತೆಯಲ್ಲಿ ಅಪ್ಪನ ಹೆಗಲೇರಿದ ಮಗುವಿನಂತೆ ಕಾಲಾಡಿಸುತ್ತ ಕೂತೆ. ಇನ್ನೂ ಇಳಿಸು ಅಂದೆ. ಇಳಿಯೋದಿಲ್ಲ ಅಂದ.

ವಿಷಯ ಇಷ್ಟೇ. ಸೈಕಲ್ ಗಂಡಸಿನ ಅಳತೆಯದು. ನಾನು ಕುಳ್ಳಿ. ಹಳೆಯ ಕೊಳವೆಯನ್ನು ಚೌಕಟ್ಟಿನೊಳಗೆ ಪೂರ್ತಿ ಮುಳುಗಿಸಿ ಹೇಗೋ ಓಡಿಸುತ್ತಿದ್ದೆ. ಇದರ ಸ್ಪ್ರಿಂಗಿನ ಭಾಗ ದಪ್ಪ, ಅದು ಚೌಕಟ್ಟಿನೊಳಗೆ ಹೋಗುವುದಿಲ್ಲ, ಹೊರಗೇ ನಿಲ್ಲಬೇಕು. ಸೀಟು ಗೇಣುದ್ದ ಮೇಲೆ. ಉದ್ದ ಕಾಲಿನವರಿಗೆ ಮಾತ್ರ ಈ ಭಾಗ್ಯ. ನನ್ನ ತೂಕ ಅಳೆದ, ಕೊಳವೆ ಅಳೆದ, ಸ್ಪ್ರಿಂಗ್ ಎಷ್ಟು ಕುಸಿಯಬೇಕೆಂದು ಅಳೆದ, ಕೂರುವವಳ ಕಾಲು ಅಳೆಯಲಿಲ್ಲ. ಇವರು ಕಟ್ಟುವುದೆಲ್ಲ ಹೀಗೇ. ಇಡೀ ಊರನ್ನೇ ಹೀಗೆ ಕಟ್ಟಿದ್ದಾರೆ.

ಇದನ್ನೆಲ್ಲ ಅವನಿಗೆ ಹೇಳಿದೆ, ಇದಕ್ಕಿಂತ ಜೋರಾಗಿ. ಸಮತಾ ಬಾಗಿಲಲ್ಲಿ ನಿಂತು, ಅವ್ವ ಸಾಕು, ಅಂದಳು. ಅವನು ಬೆಡ್‌ಶೀಟಿನ ಮೇಲೆ ಕೂತು ಕೈಯ ಗ್ರೀಸ್ ಒರೆಸಿಕೊಳ್ಳುತ್ತ, "ನನ್ನದೇ ತಪ್ಪು ಅತ್ತೆ. ಆದ್ರೆ ಒಂದು ಕೇಳ್ಲಾ? ನೀವು ಯಾಕೆ ಏಳೋದಿಲ್ಲ?" ಅಂದ.

ಹೇಳಿಬಿಟ್ಟೆ. ಅಪ್ಪ, ವಾಡೆ, ಚಪ್ಪಲಿ, ನಾಯಿ, ಠರಾವು. ಸಮತಾ ಅರ್ಧ ಕೇಳಿದ್ದಳು, ಇನ್ನರ್ಧ ಅವಳಿಗೂ ಹೊಸದು. ಅವನು ತಲೆ ಎತ್ತಲಿಲ್ಲ. ಆಮೇಲೆ ಮೆಲ್ಲಗೆ, "ನಮ್ಮ ತಾತನ ಮನೆ ಮುಂದೇನೂ ಕಟ್ಟೆ ಇತ್ತು ಅತ್ತೆ," ಅಂದ.

ಗೊತ್ತಿತ್ತು. ಮದುವೆಯ ಮಾತಿನ ದಿನವೇ ಅವರ ಮನೆಯ ಹಳೆಯ ಫೋಟೋದಲ್ಲಿ ನೋಡಿದ್ದೆ, ಕಟ್ಟೆಯನ್ನೂ ಅದರ ಮೇಲೆ ಕೂತವರನ್ನೂ. ಅವನು ಹೇಳುತ್ತಾನೆ ಅಂದುಕೊಂಡಿರಲಿಲ್ಲ.

"ಕಲ್ಲಿಗೆ ಎದ್ರೆ ಯಾರಿಗೂ ಎದ್ದ ಹಾಗಲ್ಲ ಅಲ್ವಾ?" ಅಂದ.

"ಈ ಊರಾಗ ಮಾಲಕ ಇಲ್ಲದ ಕಲ್ಲ ಒಂದರ ಇದ್ರ ತೋರಸಪ್ಪ," ಅಂದೆ.

ಅವನು ಈ ಸಲ ಲ್ಯಾಪ್‌ಟಾಪ್ ತೆರೆಯಲೂ ಹೋಗಲಿಲ್ಲ. ಹಳೆಯ ಕೊಳವೆಯನ್ನು ತೊಳೆದು, ಒರೆಸಿ, ಮೊದಲಿದ್ದಷ್ಟೇ ಕೆಳಗೆ ಕೂರಿಸಿ, ತಾನೇ ಒಮ್ಮೆ ಹತ್ತಿ ಮೊಣಕಾಲು ಗದ್ದಕ್ಕೆ ಬಡಿಸಿಕೊಂಡು ನೋಡಿ, ಕೊಟ್ಟ. ಸಣ್ಣ ಅಳತೆಯ ಹೊಸ ಸೈಕಲ್ ಕೊಡಿಸುತ್ತೇನೆ ಅಂದ. ಅದು ಬೇಡ. ಬಾಲ್ಕನಿಗೆ ಇನ್ನೊಂದು ಬಟ್ಟೆ ಒಣಗಿಸುವ ಗೂಟ ಯಾಕೆ.

ನಾಳೆ ಹೋಗುತ್ತೇನೆ. ಸ್ಪ್ರಿಂಗೂ ಬೇಡ, ಏನೂ ಬೇಡ. ಪಾದ ಬೀಳುವ ತನಕ ಪಾದ ಇದೆ.

ಅಕ್ಟೋಬರ್ ೩೧, ಬುಧವಾರ

ಹೋದೆ. ಅರ್ಧ ದಾರಿಯಲ್ಲಿ ಕಾಲು ಸತ್ತಿತು. ಬಂಡೆಯ ಮೇಲೆ ಕೂತು ತಿಕ್ಕಿಕೊಂಡು ಮತ್ತೆ ಹೊರಟೆ. ಮುಟ್ಟುವಷ್ಟರಲ್ಲಿ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಡ್ರಮ್ಮಿನ ಕಡೆ ಸಾಲಾಗಿ ಹೋಗುತ್ತಿದ್ದರು. ಮೇಸ್ತ್ರಿ ನನ್ನನ್ನು ನೋಡಿ ಗಡಿಯಾರ ನೋಡಿದ, ನಕ್ಕ. ಕೊಡ ಇಳಿಸಿ ಅಂದೆ. ಹೊತ್ತದ್ದು ಮುಟ್ಟಿಸಿ ಬರ್ತೀವಿ ಅಂದರು. ಮುಟ್ಟಿಸಿ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ನವೆಂಬರ್ ೪, ಭಾನುವಾರ

ಇವತ್ತು ರವಿ ಜೊತೆಗೆ ಬರುತ್ತೇನೆ ಅಂದ. ಯಾವ ಯಾವ ಕಲ್ಲು ತಪ್ಪಿಸಬಹುದು ನೋಡುತ್ತೇನೆ ಅಂತ. ನನ್ನ ಕಲ್ಲುಗಳನ್ನು ನೋಡಲು ಇವನ್ಯಾರು? ಆದರೂ ಬಾ ಅಂದೆ, ಬೇಡ ಅಂದರೆ ಹಿಂದಿನಿಂದ ಬರುವ ಜಾತಿ ಅದು. ಯಾರದೋ ಸೈಕಲ್ ಎರವಲು ತಂದಿದ್ದ. ತಲೆಗೆ ಆ ಬುಟ್ಟಿ ಟೋಪಿ. ನನ್ನ ತಲೆಗೂ ಒಂದು ಬುಟ್ಟಿ ತಂದಿದ್ದ, ಹಸಿರು ಬಣ್ಣದ್ದು. ಜಗಳಕ್ಕೆ ಹೊತ್ತಿರಲಿಲ್ಲ, ಹಾಕಿಕೊಂಡೆ.

ಅವನು ಮುಂದೆ. ಎದ್ದು ನಿಂತು, ಮೊಣಕೈ ಅಗಲಿಸಿ, ಕುಂಡಿ ಹಿಂದಕ್ಕೆ ಚಾಚಿ, ನೀರು ಕುಡಿಯುವ ಕೊಕ್ಕರೆಯ ಹಾಗೆ. ನೋಡಿ ಅತ್ತೆ, ಹೀಗೆ, ಹೀಗೆ, ಅಂತ ಪಾಠ ಬೇರೆ. ಒಡೆದ ದೊಡ್ಡ ಬಂಡೆಯಾಚೆ ಇಳಿಜಾರು ಶುರುವಾಗುವಲ್ಲಿ ನನಗೆ ತೋರಿಸಲೆಂದೇ ಜೋರಾಗಿ ಹೋದ. ಮರೆಯಾದ. ಸಾಮಾನು ಉರುಳಿದ ಸದ್ದು. ಆಮೇಲೆ ಏನೂ ಇಲ್ಲ.

ರವಿ ಅಂತ ಕೂಗಿದೆ. ಉತ್ತರ ಇಲ್ಲ. ಬಂಡೆ ಅಡ್ಡ, ಏನೂ ಕಾಣದು. ಪೆಡಲ್ ಮೇಲೆ ಎದ್ದು ನೋಡಿದೆ. ಕೆಳಗೆ ಸೀತಾಫಲದ ಗಿಡಗಳ ನಡುವೆ ಅವನ ಎರಡು ಕಾಲು ಕಂಡವು, ಒಂದು ಆಡುತ್ತಿತ್ತು. ಹಾಗೇ ಇಳಿಜಾರು ಇಳಿದು ಅವನ ಹತ್ತಿರ ಹೋಗಿ ನಿಲ್ಲಿಸಿದೆ. ಉಸಿರು ಸಿಕ್ಕಿಕೊಂಡಿತ್ತಂತೆ, ಅದಕ್ಕೆ ಮಾತು ಹೊರಟಿರಲಿಲ್ಲ. ಮೊಣಕೈ ಸುಲಿದಿತ್ತು, ಗಲ್ಲದ ಮೇಲೆ ಮುಳ್ಳು ಗೀರು. ಎಬ್ಬಿಸಿ ಕೂರಿಸಿ ಎಲುಬೆಲ್ಲ ಹಿಚುಕಿ ನೋಡಿದೆ. ಮುರಿದಿರಲಿಲ್ಲ. ಬಾಯಿಗೆ ಬಂದಂತೆ ಬೈದೆ. ಅವನು ಬೈಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ, ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಪೆಟ್ಟಿನ ಮಂಕು.

ಶೆಡ್ಡಿಗೆ ಕರೆದುಕೊಂಡು ಹೋದೆ. ದ್ಯಾವಮ್ಮ ಗಾಯ ತೊಳೆದು ಅರಿಶಿನ ಒತ್ತಿದಳು. ಅಳಿಯಂದಿರು ಅಂತ ಗೊತ್ತಾದ ಮೇಲೆ ಕೇಳಬೇಕೆ. "ಸೀತಾಫಲ ಬೇಕಾಗಿದ್ರ ಹೇಳಬಾರದೇನ್ರಿ, ಹರಕೊಂಡು ತರತಿದ್ವಿ, ಗಿಡದಾಗ ತಲಿ ಹಾಕೂದ್ಯಾಕ?" ರವಿಗೆ ಈ ಕನ್ನಡ ಅರ್ಧ ತಿಳಿಯಿತು, ಅರ್ಧಕ್ಕೆ ನಕ್ಕ. ಹೆಂಗಸರು ಅವನನ್ನು ಸಿಮೆಂಟಿನ ಚೀಲದ ಮೇಲೆ ಕೂರಿಸಿ ತಮ್ಮ ಓದು ಒಪ್ಪಿಸಿದರು. ಒಬ್ಬಳು ತಪ್ಪಿದಾಗ ಅವನು ತಿದ್ದಿದ, ಅವನು ತಿದ್ದಿದ್ದು ತಪ್ಪಾಗಿತ್ತು, ಅವಳು ಅವನನ್ನು ತಿದ್ದಿದಳು. ಭಾನುವಾರವಾದ್ದರಿಂದ ಗಂಟೆ ತಡ. ಬಹಳ ಹೊತ್ತು ಇದ್ದೆವು.

ಇವನಿಂದಾಗಿ ಒತ್ತಕ್ಷರ ಇವತ್ತು ಮುಟ್ಟಲಾಗಲಿಲ್ಲ.

ನವೆಂಬರ್ ೨೧, ಬುಧವಾರ

ಆ ಕರಿ ಕೊಳವೆಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ತರುಣ ಕೊಂಡುಕೊಂಡನಂತೆ, ತನ್ನ ಅಪ್ಪನಿಗೆ ಅಂತ. ಅಪ್ಪ ಇರುವುದು ಮಂಗಳೂರಿನಲ್ಲಿ, ಸೈಕಲ್ ಇಲ್ಲದೆ. ರವಿ ಇದನ್ನು ಹೇಳಿ ನಗಲಾರದೆ ನಕ್ಕ. ಈ ಸಾಫ್ಟ್‌ವೇರಿನವರ ಬಂಡಾಯ ಇಷ್ಟೇ, ಎಲ್ಲರೆದುರು ನಿಂತು, ಕದ್ದು ಕೂರುವುದು.

ಡಾಕ್ಟರ್ ಕಾಲಿಗೆ ಸೂಜಿ ಚುಚ್ಚಿ ನೋಡಿ ಮೊದಲಿಗಿಂತ ವಾಸಿ ಅಂದ. ತನ್ನ ಮಾತ್ರೆಯಿಂದ ಅಂತ ತಿಳಿದಿದ್ದಾನೆ. ಮಾತ್ರೆಗಳನ್ನು ನಾನು ನುಂಗಿಯೇ ಇಲ್ಲ. ಬಂಡೆಗಳ ಮೇಲೆ ಈಗ ಬೇಗ ದಾಟುತ್ತೇನೆ. ಒಡೆದ ಬಂಡೆಯ ಇಳಿಜಾರಿನಲ್ಲಿ, ಅದರಾಚೆಯ ಮೆಟ್ಟಿಲು ಮೆಟ್ಟಿಲು ಕಲ್ಲಿನಲ್ಲಿ ಪೆಡಲ್ ಮೇಲೆ ಎದ್ದರೆ ಮುಂದಿನದು ಕಾಣುತ್ತದೆ, ಗಿಡದೊಳಗೆ ಬೀಳುವುದು ತಪ್ಪುತ್ತದೆ. ಅಲ್ಲಲ್ಲಿ ಮಾತ್ರ. ಬೇರೆ ಕಡೆ ಯಾಕೆ ಏಳಬೇಕು. ವಿಲ್ಲಾದ ಗೇಟಿನ ಕಡೆ ಇನ್ನೂ ಹೋಗಿಲ್ಲ. ಅದಕ್ಕೂ ಒಂದು ದಿನ ಬರುತ್ತದೆ, ಆ ಬೋರ್ಡು ಮತ್ತು ನಾನು ಇಬ್ಬರೂ ಇಲ್ಲೇ ಇದ್ದೇವೆ.

ಇವತ್ತು ಮುಟ್ಟಿದಾಗ ಹೆಂಗಸರೆಲ್ಲ ಆಗಲೇ ಗೋಡೆಯ ಮುಂದೆ ಕೂತಿದ್ದರು, ಕೈಯಲ್ಲಿ ಇದ್ದಿಲು. ಕೊಡಗಳು ಡ್ರಮ್ಮಿನ ಹತ್ತಿರ ಖಾಲಿ ನಿಂತಿದ್ದವು. ಮೇಸ್ತ್ರಿ ಬೀಡಿ ಸೇದುತ್ತ ಆಚೆ ನೋಡುತ್ತಿದ್ದ. ಇದೇನು ಈ ವಾರವೆಲ್ಲ ಇಷ್ಟು ಶಿಸ್ತು ಅಂತ ಕೇಳಿದೆ.

"ಮೊದಲ ನೀವ್ ಬಂದ್ ನಿಂತ ಮ್ಯಾಲ ಕಾಣತಿದ್ರಿ ಅಕ್ಕೋರ," ಅಂದಳು ದ್ಯಾವಮ್ಮ. "ಈಗ ಬರೂದ ಕಾಣತೈತಿ. ಬಂಡಿಗಲ್ಲಿನ ಮ್ಯಾಲ ನಿಮ್ಮ ಹಸರ ತಲಿ ಕಂಡಕೂಡ್ಲೆ ಕೊಡ ಕೆಳಗಿಡತೀವ್ರಿ. ಅಂವಗೂ ತೋರಸತೀವಿ, ಅಗಾ ನೋಡ, ಬಂದ್ರು ಅಂತ."

ಕೊಡ ಕೆಳಗಿಡಲು ನನ್ನ ತಲೆ ಕಾಣುವ ತನಕ ಯಾಕೆ ಕಾಯಬೇಕು, ನಾಳೆಯಿಂದ ಎತ್ತಲೇ ಬೇಡಿ ಅಂತ ಬೈದು, ಒತ್ತಕ್ಷರ ಶುರು ಮಾಡಿದೆ.